ಮನೆಯಲ್ಲೇ ಕೆಲಸ, ಮುಂಗಡ ಮಾತ್ರ ನಿಮ್ಮದು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಿಂದಲೇ ಮಾಡುವ ಕೆಲಸದ ಹೆಸರಿನಲ್ಲಿ ನಡೆಯುತ್ತಿರುವ ವಂಚನೆಗಳ ಕುರಿತು ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಾನು ಮನೆಯಲ್ಲಿ ಸೀರೆಗಳಿಗೆ ಕುಚ್ಚು ಹಾಕಿಕೊಡುತ್ತೇನೆ. ಗೂಗಲ್ ಮ್ಯಾಪ್‌ನಲ್ಲಿ ಹೋಟೆಲುಗಳಿಗೆ ಐದು ಸ್ಟಾರ್ ಕೊಟ್ಟರೆ ಒಂದಕ್ಕೆ 50 ರೂ. ಕೊಡುತ್ತೇವೆಂದು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬಂತು. ಮೊದಲ ದಿನ ಮೂರು ಹೋಟೆಲುಗಳಿಗೆ 150 ರೂ. ನಿಜವಾಗಿಯೂ ಖಾತೆಗೆ ಬಂತು. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, 1,000 ರೂ. ಕಟ್ಟಿಸಿಕೊಂಡು 1,300 ರೂ. ವಾಪಸು ಕೊಟ್ಟರು. ನಂತರ 5,000, 18,000, 42,000 ರೂ. ಕಟ್ಟಿದೆ. ಅವರ ವೆಬ್‌ಸೈಟಿನಲ್ಲಿ ನನ್ನ ಹೆಸರಿನ ಕೆಳಗೆ 1,12,400 ರೂ. ಎಂದು ತೋರಿಸುತ್ತಿದೆ. ಆದರೆ 21,000 ರೂ. ತೆರಿಗೆ ಕಟ್ಟಿದರೆ ಮಾತ್ರ ಅದನ್ನು ಬಿಡುಗಡೆ ಮಾಡುತ್ತಾರಂತೆ. ಮನೆಯವರಿಗೆ ಹೇಳಿಲ್ಲ. ಕಟ್ಟಲೇ? ಮೊದಲು ದುಡ್ಡು ಕೊಟ್ಟವರು ಮೋಸಗಾರರಾಗಿರಲು ಸಾಧ್ಯವೇ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಕಟ್ಟಬೇಡಿ. ಪತ್ರಿಕೆ ಅಚ್ಚಾಗುವವರೆಗೆ ನೀವು ಕಾಯುವುದು ತರವಲ್ಲವೆಂದು, ಪತ್ರ ಕೈಸೇರಿದ ದಿನವೇ ಇದನ್ನು ನಿಮಗೆ ಫೋನಿನಲ್ಲಿ ತಿಳಿಸಿದ್ದೆವು. ಇದೇ ಹಂತದಲ್ಲಿರುವ ಬೇರೆ ಓದುಗರಿಗೂ ನೆರವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ತೆರಿಗೆಯ ಮಾತು. ನಿಮಗೆ ಬರಬೇಕಾದ ಹಣದ ಮೇಲೆ ನಿಜಕ್ಕೂ ತೆರಿಗೆ ಇದ್ದರೆ, ಕೊಡುವವರು ಅದನ್ನು ಆ ಹಣದಲ್ಲೇ ಹಿಡಿದುಕೊಂಡು ಉಳಿದದ್ದನ್ನು ನಿಮ್ಮ ಖಾತೆಗೆ ಹಾಕುತ್ತಾರೆ. ಸಂಬಳದಾರರಿಗೆಲ್ಲ ಆಗುವುದು ಹೀಗೆಯೇ. 1,12,400 ರೂ. ನಿಮ್ಮದೇ ಆಗಿ ಅವರ ಬಳಿ ಇರುವುದು ನಿಜವಾದರೆ ಅದರಿಂದ 21,000 ಕಳೆಯಲು ಯಾರ ಅಡ್ಡಿಯೂ ಇಲ್ಲ. ಅವರು ಕಳೆಯದಿರುವುದಕ್ಕೆ ಕಾರಣ, ಆ ಮೊತ್ತ ವೆಬ್‌ಸೈಟಿನ ಪುಟದ ಮೇಲೆ ಬರೆದ ಅಂಕಿಯಾಗಿ ಮಾತ್ರ ಇದೆ. ಪುಟ ಅವರದ್ದು, ಅಂಕಿ ಬರೆಯುವವರೂ ಅವರೇ. ಈ ತೆರಿಗೆ ಕಟ್ಟಿದ ಮೇಲೆ ಖಾತೆ ಫ್ರೀಝ್ ಆಗಿದೆ, ಕ್ರೆಡಿಟ್ ಸ್ಕೋರ್ ಕಡಿಮೆಯಿದೆ, ಸಮಯ ಮೀರಿದ್ದರಿಂದ ದಂಡ ಬಿದ್ದಿದೆ ಎಂದು ಒಂದೊಂದೇ ನೆಪ ಬರುತ್ತಲೇ ಇರುತ್ತದೆ. ನಿಮ್ಮ ಕೈ ಬರಿದಾದ ದಿನ ಗುಂಪಿನಿಂದ ನಿಮ್ಮನ್ನು ತೆಗೆದುಹಾಕುತ್ತಾರೆ.

ಇನ್ನು ಮೊದಲು ದುಡ್ಡು ಕೊಟ್ಟ ಸಂಗತಿ. ನಿಮಗೆ ಬಂದ 150 ರೂ. ಮತ್ತು ಲಾಭವೆಂದು ಬಂದ 300 ರೂ., ಒಟ್ಟು 450 ರೂ. ಅವರ ಖರ್ಚು, ನೀವು ಕೊಟ್ಟ 65,000 ರೂ. ಅದರ ಫಲ. ಈ ವಂಚನೆಯಲ್ಲಿ ಆರಂಭದ ಪಾವತಿ ತಪ್ಪದೆ ಇರುತ್ತದೆ, ಅನೇಕ ಸಲ ಅದೂ ಇನ್ನೊಬ್ಬ ಸಂತ್ರಸ್ತರ ಖಾತೆಯಿಂದ ಬಂದ ಹಣವಾಗಿರುತ್ತದೆ. ಗುಂಪಿನಲ್ಲಿ ದಿನವೂ ‘ನನಗೆ ಇವತ್ತು 38,000 ಬಂತು, ಥ್ಯಾಂಕ್ಯೂ ಮೇಡಂ’ ಎಂದು ಸ್ಕ್ರೀನ್‌ಶಾಟ್ ಹಾಕುತ್ತಿದ್ದ ಬಹುಪಾಲು ಮಂದಿ ಅವರ ಕಡೆಯವರೇ. ನಿಮ್ಮ ಹಾಗೆ ನಿಜವಾಗಿ ಸಿಕ್ಕಿಬಿದ್ದವರು ಆ ಗುಂಪಿನಲ್ಲಿ ಒಬ್ಬಿಬ್ಬರು ಇರಬಹುದು, ಒಬ್ಬರೇ ಇದ್ದರೂ ಆಶ್ಚರ್ಯವಿಲ್ಲ.

ನಿಮ್ಮ ಕುಚ್ಚಿನ ಕೆಲಸವನ್ನೇ ತೆಗೆದುಕೊಳ್ಳಿ. ಸೀರೆ ಯಾರದ್ದು, ಯಾವ ಅಂಗಡಿಯಿಂದ ಬಂತು, ಮದುವೆ ಯಾವಾಗ, ಕುಚ್ಚು ಸರಿಯಾಗದಿದ್ದರೆ ಬಂದು ತಕರಾರು ಮಾಡುವವರು ಯಾರು ಎಂಬುದೆಲ್ಲ ನಿಮಗೆ ಗೊತ್ತಿರುತ್ತದೆ. ಆ ಕೆಲಸ ಯಾರಿಗೋ ಬೇಕಾಗಿದೆ, ಅದಕ್ಕೇ ಅವರು ಹಣ ಕೊಡುತ್ತಾರೆ. ಮೈಸೂರಿನ ಎಷ್ಟೋ ಬಡಾವಣೆಗಳಲ್ಲಿ ಊದುಬತ್ತಿ ಹೊಸೆಯುವ ಹೆಂಗಸರಿಗೂ ಕಡ್ಡಿ ಮತ್ತು ಮಸಾಲೆ ಹಿಟ್ಟನ್ನು ಕೆಲಸ ಕೊಡುವವರೇ ತಂದುಕೊಟ್ಟು, ಎಣಿಸಿಕೊಂಡು ಹೋಗಿ, ಸಾವಿರಕ್ಕೆ ಇಷ್ಟೆಂದು ಕೂಲಿ ಕೊಡುತ್ತಾರೆ. ಕೂಲಿ ಕಡಿಮೆಯೆಂಬ ದೂರು ಇರಬಹುದು, ಆದರೆ ಕಡ್ಡಿ ಹೊಸೆಯಲು ನೀವೇ ಮೊದಲು 5,000 ರೂ. ಕಟ್ಟಿ ಎಂದು ಯಾರೂ ಕೇಳುವುದಿಲ್ಲ. ಈಗ ಅದೇ ಪ್ರಶ್ನೆಯನ್ನು ಸ್ಟಾರ್ ಕೊಡುವ ಕೆಲಸಕ್ಕೆ ಹಾಕಿ ನೋಡಿ. ನೀವು ಊಟ ಮಾಡದ, ಮುಖವನ್ನೇ ಕಾಣದ ಹೋಟೆಲಿಗೆ ನೀವು ಕೊಟ್ಟ ಐದು ಸ್ಟಾರ್ ಯಾರಿಗೆ ಬೇಕು? ಅದನ್ನು ಕೊಡಲು ನೀವೇ 42,000 ರೂ. ಕಟ್ಟಬೇಕೆಂದರೆ ಅಲ್ಲಿ ಮಾರಾಟವಾಗುತ್ತಿರುವುದು ಏನು? ಉತ್ತರ ಹೊಳೆಯದ ಕಡೆ ನಮಗೆ ತಿಳಿಯದ ಹೊಸ ತಂತ್ರಜ್ಞಾನವೇನೋ ಇರಬೇಕು ಎಂದುಕೊಳ್ಳುವ ಸಂಕೋಚ ನಮ್ಮಲ್ಲಿ ಬಹಳ ಮಂದಿಗೆ ಇದೆ. ವಂಚಕರು ನೆಚ್ಚಿಕೊಂಡಿರುವುದು ಆ ಸಂಕೋಚವನ್ನೇ. ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಇಂಥ ಟಾಸ್ಕ್ (ಸಣ್ಣಪುಟ್ಟ ಕೆಲಸ ಕೊಟ್ಟು ಹಣ ಕಟ್ಟಿಸಿಕೊಳ್ಳುವ) ಮತ್ತು ಹೂಡಿಕೆ ವಂಚನೆಯ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಒಂದೇ ಸಲ ಮುಚ್ಚಿಸಿತು. ಆದರೂ ಹೊಸ ವಿಳಾಸಗಳಲ್ಲಿ ಅದೇ ಪುಟಗಳು ಮತ್ತೆ ತೆರೆದುಕೊಳ್ಳುತ್ತವೆ.

ಈಗ ಮಾಡಬೇಕಾದದ್ದು. ಹಣ ಹೋದ ತಕ್ಷಣ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗಬೇಗನೆ ಜಾರಿಕೊಳ್ಳುವುದರಿಂದ, ಅದು ಎಲ್ಲಿ ಉಳಿದಿದೆಯೋ ಅಲ್ಲಿ ತಡೆಹಿಡಿಯಲು ಬ್ಯಾಂಕುಗಳಿಗೆ ಸಿಗುವ ಸಮಯ ಕೆಲವೇ ಗಂಟೆಗಳದ್ದು. ಕರೆ ಮಾಡುವಾಗ ಪ್ರತಿ ಪಾವತಿಯ ದಿನಾಂಕ, ಸಮಯ, ಮೊತ್ತ, ವ್ಯವಹಾರ ಸಂಖ್ಯೆ ಮತ್ತು ಹಣ ಹೋದ ಯುಪಿಐ ವಿಳಾಸಗಳನ್ನು ಕೈಯಲ್ಲಿಟ್ಟುಕೊಳ್ಳಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ನಗರದ ಸಿ.ಇ.ಎನ್. (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಮಂಡ್ಯದಲ್ಲೂ ಇಂಥ ಠಾಣೆ ಇದೆ. ಟೆಲಿಗ್ರಾಂ ಗುಂಪಿನಿಂದ ಸಿಟ್ಟಿನಲ್ಲಿ ಹೊರಬಂದುಬಿಡಬೇಡಿ, ಮೊದಲು ಅಲ್ಲಿಯ ಸಂಭಾಷಣೆ, ಹೆಸರು, ಕೊಂಡಿಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ತಡೆಹಿಡಿದ ಮೊತ್ತವೇನಾದರೂ ಇದ್ದರೆ ಅದು ನಿಮಗೆ ಮರಳಲು ಅನೇಕ ಸಲ ನ್ಯಾಯಾಲಯದ ಆದೇಶ ಬೇಕಾಗುತ್ತದೆ.

ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಪೂರ್ತಿ ಹಣ ವಾಪಸು ಬರುತ್ತದೆ ಎಂದು ನೆರೆಮನೆಯವರು ಹೇಳಿದ್ದಾಗಿ ನೀವು ಫೋನಿನಲ್ಲಿ ಕೇಳಿದ್ದಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ ಆ ಮೂರು ದಿನಗಳ ಮಾತು ಇರುವುದು ನಿಮ್ಮ ಒಪ್ಪಿಗೆಯಿಲ್ಲದೆ ಮೂರನೆಯವರು ನಡೆಸಿದ ವ್ಯವಹಾರಗಳಿಗೆ. ನೀವೇ ಪಿನ್ ಒತ್ತಿ ಕಳಿಸಿದ ಹಣ ಅದರೊಳಗೆ ಬರುವುದಿಲ್ಲ. ಕಹಿಯಾದರೂ ಇದನ್ನು ಹೇಳಲೇಬೇಕು, ಏಕೆಂದರೆ ಹೋದ ಹಣವನ್ನು ಗ್ಯಾರಂಟಿಯಾಗಿ ತರಿಸಿಕೊಡುತ್ತೇವೆಂದು ಶುಲ್ಕ ಕೇಳುವ ‘ರಿಕವರಿ ಏಜೆಂಟರು’ ಇನ್ನು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅದು ಅದೇ ಗುಂಪಿನ ಎರಡನೇ ಸುತ್ತು.

ಮನೆಯವರಿಗೆ ಇವತ್ತೇ ಹೇಳಿ. ಗುಟ್ಟಾಗಿಡಬೇಕೆಂಬ ಭಯದಿಂದಲೇ ಮುಂದಿನ 21,000 ರೂ.ಗೆ ಒಡವೆ ಅಡವಿಡಲು ಹೊರಡುವವರನ್ನು ಈ ಅಂಕಣದ ಪತ್ರಗಳಲ್ಲಿ ಕಂಡಿದ್ದೇವೆ. ಇಂಥವರನ್ನು ದುರಾಸೆಯವರೆಂದು ಜರೆಯುವುದು ಸುಲಭ. ಮನೆ ಖರ್ಚಿಗೆ ತನ್ನದೂ ನಾಲ್ಕು ಕಾಸು ಸೇರಲಿ ಎಂಬುದು ದುರಾಸೆಯಲ್ಲವೆಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯಲ್ಲೇ ಫಾರಂ ಟೈಪ್ ಮಾಡುವ ಕೆಲಸಕ್ಕೆ ಆಧಾರ್ ಪ್ರತಿ ಕೊಟ್ಟು, ಆನ್‌ಲೈನ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದೆ. ಆರು ದಿನದಲ್ಲಿ 600 ಫಾರಂ, ಶೇ. 90ರಷ್ಟು ತಪ್ಪಿಲ್ಲದಿರಬೇಕು ಎಂಬ ಷರತ್ತಿತ್ತು. ಎಲ್ಲವನ್ನೂ ಮುಗಿಸಿದರೂ ಶೇ. 81 ಮಾತ್ರ ಸರಿ ಎಂದು ಹೇಳಿ, ಒಪ್ಪಂದ ಮುರಿದದ್ದಕ್ಕೆ 5,900 ರೂ. ಕೇಳುತ್ತಿದ್ದಾರೆ. ಹೊರರಾಜ್ಯದ ವಕೀಲರ ನೋಟಿಸು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರಂತೆ.
— ಓದುಗರು, ಮಂಡ್ಯ

ಉತ್ತರ: ಪೊಲೀಸರು ಬರುವುದಿಲ್ಲ. ಒಪ್ಪಂದದ ಕೆಲಸ ಸರಿಯಾಗಲಿಲ್ಲವೆಂಬುದು ಸಿವಿಲ್ ವ್ಯಾಜ್ಯ, ಅದಕ್ಕಾಗಿ ಯಾರನ್ನೂ ಬಂಧಿಸುವುದಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಂಚನೆಯಿಂದ ಪಡೆದ ಒಪ್ಪಿಗೆಯ ಒಪ್ಪಂದವನ್ನು ವಂಚನೆಗೊಳಗಾದವರು ರದ್ದುಪಡಿಸಬಹುದು. ಒಪ್ಪಂದದಲ್ಲಿ ದಂಡದ ಮೊತ್ತ ಎಷ್ಟೇ ಬರೆದಿರಲಿ, ನ್ಯಾಯಾಲಯವು ಸಮಂಜಸವೆನಿಸುವ ಪರಿಹಾರಕ್ಕಿಂತ ಹೆಚ್ಚಿನದನ್ನು ಕೊಡಿಸುವುದಿಲ್ಲವೆಂದು ಅದೇ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಜೈಲಿನ ಭಯ ತೋರಿಸಿ ಹಣ ಕೀಳುವುದು ಸುಲಿಗೆ, ಅಪರಾಧದ ಕಡೆ ನಿಂತಿರುವವರು ಅವರು.

ಆ ಕೆಲಸ ಯಾರಿಂದಲೂ ಮುಗಿಯದ ಹಾಗೆಯೇ ಹೊಂದಿಸಿದ್ದು. ಮಬ್ಬಾದ ಚಿತ್ರದಲ್ಲಿ ಅಲ್ಪವಿರಾಮವೋ ಪೂರ್ಣವಿರಾಮವೋ ತಿಳಿಯದ ಚುಕ್ಕೆಗಳಿರುತ್ತವೆ, ಸೊನ್ನೆಗೂ ಇಂಗ್ಲಿಷಿನ ‘ಓ’ ಅಕ್ಷರಕ್ಕೂ ವ್ಯತ್ಯಾಸ ಕಾಣುವುದಿಲ್ಲ, ತಪ್ಪು ಎಷ್ಟೆಂದು ಎಣಿಸುವ ಅಧಿಕಾರ ಅವರೊಬ್ಬರದೇ. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದ ನಿಮಗೆ, ತಿದ್ದಿದ ಹಾಳೆಯನ್ನು ತೋರಿಸದೆ ಅಂಕ ಮಾತ್ರ ಹೇಳುವ ಪರೀಕ್ಷಕರ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚಿತ್ರದಲ್ಲಿರುವ ಅಕ್ಷರಗಳನ್ನು ತಂತ್ರಾಂಶಗಳೇ ಓದಿಬಿಡುವ ಈ ಕಾಲದಲ್ಲಿ ಅಂಥ ಟೈಪಿಂಗ್‌ಗೆ ಫಾರಂ ಒಂದಕ್ಕೆ 30–40 ರೂ. ಕೊಡುವ ಕಂಪನಿ ಇದೆಯೆಂಬುದೇ ಅನುಮಾನಕ್ಕೆ ಸಾಕು.

ಹಣ ಕಟ್ಟಬೇಡಿ, ಫೋನಿನಲ್ಲಿ ವಾದಕ್ಕಿಳಿಯಬೇಡಿ, ನೋಟಿಸನ್ನು ಅಳಿಸಬೇಡಿ. ಅದರಲ್ಲಿ ಪ್ರಕರಣದ ಸಂಖ್ಯೆಯೋ ನ್ಯಾಯಾಲಯದ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯೋ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಿ, ನಕಲಿ ನೋಟಿಸಿನ ಬಣ್ಣ ಅಲ್ಲೇ ಬಯಲಾಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ನಿಜವಾದ ನ್ಯಾಯಾಲಯದಿಂದ ಸಮನ್ಸ್ ಬಂದರೆ ಅದನ್ನು ಕಡೆಗಣಿಸಬಾರದು. ಗೊಂದಲವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸಲಹೆ ಪಡೆಯಿರಿ, ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ಆಧಾರ್ ಪ್ರತಿ ಅವರ ಬಳಿ ಇರುವುದರಿಂದ ಬಯೊಮೆಟ್ರಿಕ್ ಲಾಕ್ (ಬೆರಳಚ್ಚು, ಕಣ್ಣಿನ ಗುರುತನ್ನು ಬಳಸಲಾಗದಂತೆ ಬೀಗ) ಮಾಡಿಸಿ. ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಪಡೆದಿದ್ದಾರೆಯೇ ಎಂಬುದನ್ನು ಕ್ರೆಡಿಟ್ ವರದಿಯಲ್ಲಿ ನೋಡಿ, ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ನನ್ನ ಬ್ಯಾಂಕ್ ಖಾತೆಗೆ ಬರುವ ಹಣವನ್ನು ಬೇರೆ ಖಾತೆಗಳಿಗೆ ವರ್ಗಾಯಿಸಿದರೆ ಶೇ. 2 ಕಮಿಷನ್ ಕೊಡುತ್ತಾರಂತೆ. ನಾನು ಹಣ ಕಟ್ಟುವ ಹಾಗಿಲ್ಲ. ಹೀಗಿರುವಾಗ ಮೋಸ ಎಲ್ಲಿದೆ?
— ವಿದ್ಯಾರ್ಥಿ, ಮದ್ದೂರು

ಉತ್ತರ: ಮೋಸ ಹೋಗುವವರು ಬೇರೆಯವರು, ಅವರ ಹಣ ದಾಟುವ ಸೇತುವೆ ನಿಮ್ಮ ಖಾತೆ. ಮೊದಲ ಪತ್ರದ ಗೃಹಿಣಿ ಕಟ್ಟಿದ 42,000 ರೂ. ಹೋಗಿರುವುದು ಇಂಥದ್ದೇ ಯಾರೋ ವಿದ್ಯಾರ್ಥಿಯ ಖಾತೆಗೆ ಇರಬಹುದು. ದೂರು ದಾಖಲಾದಾಗ ಪೊಲೀಸರಿಗೆ ಮೊದಲು ಸಿಗುವ ಹೆಸರು ನಿಮ್ಮದು. ಖಾತೆ ಸ್ಥಗಿತಗೊಳ್ಳುತ್ತದೆ, ಯಾವುದೋ ರಾಜ್ಯದ ಠಾಣೆಯಿಂದ ಹಾಜರಾಗಬೇಕೆಂಬ ನೋಟಿಸು ಬರುತ್ತದೆ, ಗೊತ್ತಿರಲಿಲ್ಲವೆಂದು ಸಾಬೀತುಪಡಿಸುವ ಪಾಡು ನಿಮ್ಮದಾಗುತ್ತದೆ. ಖಾತೆ, ಎಟಿಎಂ ಕಾರ್ಡು, ಸಿಮ್ ಯಾವುದನ್ನೂ ಬಾಡಿಗೆಗೆ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಬಂದಿರುವ ಹಣವನ್ನು ಖರ್ಚು ಮಾಡಬೇಡಿ, ಫೋನಿನಲ್ಲಿ ಹೇಳಿದವರಿಗೆ ಹಿಂದಿರುಗಿಸಲೂ ಬೇಡಿ. ಠಾಣೆಗೆ ನೀವಾಗಿಯೇ ಹೋಗಿ ವಿಷಯ ತಿಳಿಸುವುದಕ್ಕೂ, ಕರೆಸಿಕೊಂಡ ಮೇಲೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ದೀಪದ ಬತ್ತಿ ಮಾಡುವ ಯಂತ್ರವನ್ನು 38,000 ರೂ.ಗೆ ಕೊಟ್ಟು, ಹತ್ತಿಯನ್ನೂ ಅವರೇ ಪೂರೈಸಿ, ಸಿದ್ಧವಾದ ಬತ್ತಿಯನ್ನು ಕಿಲೋಗೆ 600 ರೂ.ನಂತೆ ಕೊಳ್ಳುತ್ತೇವೆಂದು ಒಬ್ಬರು ಹೇಳುತ್ತಿದ್ದಾರೆ. ಆನ್‌ಲೈನ್ ವ್ಯವಹಾರವೇ ಅಲ್ಲ, ಕಚೇರಿಯೂ ಇದೆ. ನಂಬಬಹುದೇ?
— ಸ್ವಸಹಾಯ ಸಂಘದ ಸದಸ್ಯೆ, ನಂಜನಗೂಡು

ಉತ್ತರ: ಅವರ ಲಾಭ ಬತ್ತಿಯಿಂದಲೋ ಯಂತ್ರದಿಂದಲೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಿನ ನಾಲ್ಕು ಗ್ರಂದಿಗೆ ಅಂಗಡಿಗಳಲ್ಲಿ, ಬತ್ತಿಯನ್ನು ಸಗಟಾಗಿ ಯಾವ ಬೆಲೆಗೆ ಕೊಳ್ಳುತ್ತೀರೆಂದು ಕೇಳಿ. ಅಂಗಡಿಯವರು ಕೊಳ್ಳುವ ದರಕ್ಕಿಂತ ಇವರು ಕೊಡುತ್ತೇವೆನ್ನುವ ದರ ಹೆಚ್ಚಿದ್ದರೆ ಆ ನಷ್ಟವನ್ನು ಅವರು ಎಲ್ಲಿಂದ ತುಂಬಿಕೊಳ್ಳುತ್ತಾರೆ? ಇಂಥ ವ್ಯವಹಾರಗಳಲ್ಲಿ ಮೊದಲ ಒಂದೆರಡು ಕಂತಿನ ಬತ್ತಿಗೆ ಹಣ ಬರುತ್ತದೆ. ಆಮೇಲೆ ದಪ್ಪ ಹೆಚ್ಚಾಯಿತು, ಬಣ್ಣ ಮಾಸಿದೆ, ತೇವವಿದೆ ಎಂದು ಚೀಲಗಳು ತಿರಸ್ಕೃತವಾಗುತ್ತವೆ. ಆ ಯಂತ್ರ ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತಿತ್ತೆಂದು ತಿಳಿಯುವುದೂ ಆಗಲೇ. ವರ್ಷದ ಹಿಂದೆ ಯಂತ್ರ ಕೊಂಡವರನ್ನು ನೀವೇ ಹುಡುಕಿ ಮಾತಾಡಿಸಿ, ಅವರು ತೋರಿಸುವ ‘ಯಶಸ್ವಿ ಮಹಿಳೆ’ಯ ಮಾತು ಸಾಲದು. ಬೆಲೆಪಟ್ಟಿಯಲ್ಲಿರುವ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪರಿಶೀಲಿಸಿ. ನಿಮ್ಮ ಕೆಳಗೆ ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್ ಎಂಬ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಜನರನ್ನು ಸೇರಿಸಿದ್ದಕ್ಕೇ ಹಣ ಹಂಚುವ ಯೋಜನೆಗಳನ್ನು 1978ರ ಕಾಯ್ದೆಯೊಂದು ನಿಷೇಧಿಸಿದೆ. ಬತ್ತಿ ಘಟಕವನ್ನೇ ತೆರೆಯುವ ಆಸೆ ನಿಮ್ಮ ಸಂಘಕ್ಕಿದ್ದರೆ, ಯಂತ್ರದ ಬೆಲೆ ಮತ್ತು ಸಾಲ-ಸಹಾಯಧನದ ವಿಚಾರವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಿರಿ.

ಪ್ರಶ್ನೆ: ಮಗು ಚಿಕ್ಕದಿರುವುದರಿಂದ ಮನೆಯಿಂದಲೇ ಮಾಡುವ ಕೆಲಸ ಹುಡುಕುತ್ತಿದ್ದೇನೆ. ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಹೆಸರಿನಲ್ಲಿ ಆಫರ್ ಲೆಟರ್ ಬಂದಿದೆ. ಲ್ಯಾಪ್‌ಟಾಪ್‌ಗೆ 8,500 ರೂ. ಠೇವಣಿ ಕೇಳಿದ್ದಾರೆ, ಮೊದಲ ಸಂಬಳದೊಂದಿಗೆ ಹಿಂದಿರುಗಿಸುತ್ತಾರಂತೆ.
— ಓದುಗರು, ವಿಜಯನಗರ, ಮೈಸೂರು

ಉತ್ತರ: ಆ ಪತ್ರ ನಕಲಿಯೆಂದೇ ತಿಳಿಯಿರಿ. ಕೆಲಸಕ್ಕೆ ಸೇರಿಸಿಕೊಳ್ಳಲು ಹಣ ಕೇಳುವುದು ದೊಡ್ಡ ಕಂಪನಿಗಳ ಪದ್ಧತಿಯಲ್ಲ. ಮಿಂಚಂಚೆ ಯಾವ ವಿಳಾಸದಿಂದ ಬಂದಿದೆ ನೋಡಿ. ಕಂಪನಿಯ ಹೆಸರಿಗೆ ಒಂದು ಅಕ್ಷರವೋ ‘ಕೆರಿಯರ್ಸ್’ ಎಂಬ ಪದವೋ ಸೇರಿಕೊಂಡಿರಬಹುದು, ಇಲ್ಲವೇ ಸಾಮಾನ್ಯ ಜಿಮೇಲ್ ಆಗಿರಬಹುದು. ಖಚಿತಪಡಿಸಿಕೊಳ್ಳಲು ಪತ್ರದಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ. ಕಂಪನಿಯ ಜಾಲತಾಣವನ್ನು ನೀವೇ ತೆರೆದು ಅಲ್ಲಿಯ ಸಂಖ್ಯೆಗೆ ಮಾಡಿ. ಹೆಸರು ಕೇಳದ ಸಣ್ಣ ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ನೋಂದಣಿ ಇದೆಯೇ ನೋಡಬಹುದು, ಆದರೆ ನೋಂದಣಿ ಇದ್ದ ಮಾತ್ರಕ್ಕೆ ಕಂಪನಿ ಪ್ರಾಮಾಣಿಕವೆಂದು ಅರ್ಥವಲ್ಲ.

ಸಂದರ್ಶನ ಬರೀ ಚಾಟ್‌ನಲ್ಲಿ ಮುಗಿದು, ಅರ್ಧ ಗಂಟೆಯಲ್ಲಿ ಆಯ್ಕೆಯೆಂದು ತಿಳಿಸಿದರೆ ಸಂಶಯಪಡಿ. ಸಂಬಳ ಹಾಕಲೆಂದು ಹೇಳಿ ಕ್ಯೂಆರ್ ಕೋಡ್ ಕಳಿಸಿ ಪಿನ್ ಒತ್ತಲು ಹೇಳಿದರೆ ಸಂಶಯಕ್ಕೂ ಎಡೆಯಿಲ್ಲ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಆಧಾರ್ ಕೊಡಲೇಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಡಿ. ಹಣ ಹೋಗಿಲ್ಲದಿದ್ದರೂ ಆ ಕರೆ ಬಂದ ಸಂಖ್ಯೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು. ಕೆಲಸ ಹುಡುಕುವುದನ್ನು ಮಾತ್ರ ನಿಲ್ಲಿಸಬೇಡಿ. ನೀವು ಮೊದಲು ಕೆಲಸ ಮಾಡುತ್ತಿದ್ದ ಕಚೇರಿಯ ಸಹೋದ್ಯೋಗಿಗಳಿಗೆ ತಿಳಿಸಿಡಿ, ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವೀಸ್ ಪೋರ್ಟಲ್‌ನಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ. ಅಲ್ಲಿ ಕಂಡ ಜಾಹೀರಾತುಗಳನ್ನೂ ಇದೇ ರೀತಿ ಪರಿಶೀಲಿಸಿಯೇ ಅರ್ಜಿ ಹಾಕಿ.