ಆ ಅಜ್ಜಿಯ ಫೋಟೋ ಅಜ್ಜಿಗೆ ಸಿಕ್ಕಿತಾ?

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು, ವಯಸ್ಸು 27. ಕಾಸರಗೋಡು ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ. ರಜೆ ಸಿಕ್ಕಿದರೆ ಕ್ಯಾಮೆರಾ ಹಿಡಿದು ಹೊರಡುತ್ತೇನೆ. ದೈವದ ನೇಮ, ಯಕ್ಷಗಾನ, ಅಡಿಕೆ ಸುಲಿಯುವ ಅಜ್ಜಿಯಂದಿರು, ಇವೇ ನನಗಿಷ್ಟ. ಕೆಲಸ ಬಿಟ್ಟು ಊರಿನ ಜನರ ಫೋಟೋ ತೆಗೆಯುವುದನ್ನೇ ಉದ್ಯೋಗ ಮಾಡಿಕೊಳ್ಳುವ ಆಸೆ. ಮದುವೆ ಫೋಟೋ ಮಾತ್ರ ಬೇಡ. ಹೊಟ್ಟೆ ತುಂಬುತ್ತದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ತುಂಬುತ್ತದೆ. ಆದರೆ ಈಗಲೇ ಕೆಲಸ ಬಿಡಬೇಡಿ. ಒಂದು ಪತ್ತನಾಜೆಯಿಂದ ಇನ್ನೊಂದು ಪತ್ತನಾಜೆವರೆಗೆ ಎರಡನ್ನೂ ನಡೆಸಿ ನೋಡಿ. ನಮ್ಮ ಕಡೆಯ ವರ್ಷ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಮೇ ತಿಂಗಳ ಕೊನೆಗೆ ಪತ್ತನಾಜೆಯ ದಿನ ನೇಮ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಆ ಖಾಲಿ ತಿಂಗಳುಗಳನ್ನು ಒಮ್ಮೆ ದಾಟಿದ ಮೇಲೆ ನಿಮ್ಮ ನಿಜವಾದ ಆದಾಯ ಎಷ್ಟು ಅಂತ ತಿಳಿಯುತ್ತದೆ.

ಮದುವೆ ಬೇಡ ಎನ್ನುವ ಹಟ ಬಿಡಿ. ನಿಮಗೆ ಊರಿನ ಜನ ಬೇಕು ಅಲ್ವಾ? ಸ್ಟುಡಿಯೋ ಮೆಟ್ಟಿಲು ಒಮ್ಮೆಯೂ ಹತ್ತದ ಹಿರಿಯರು ಒಳ್ಳೆಯ ಸೀರೆ ಉಟ್ಟು, ಶಾಲು ಹೊದ್ದು ಬಂದು ಕೂರುವುದು ಮದುವೆ ಚಪ್ಪರದಲ್ಲೇ. ಮದುಮಕ್ಕಳ ಆಲ್ಬಂಗೆ ಒಪ್ಪಿದ ದುಡ್ಡು ತೆಗೆದುಕೊಳ್ಳಿ. ಊಟದ ಗಲಾಟೆ ತಗ್ಗಿದ ಮೇಲೆ ಹಿರಿಯರನ್ನು ಒಬ್ಬೊಬ್ಬರಾಗಿ ಕಿಟಕಿ ಬೆಳಕಿಗೆ ಕೂರಿಸಿ ತೆಗೆಯಿರಿ. ಅದಕ್ಕೆ ಬೇರೆ ದುಡ್ಡು ಕೇಳಬೇಡಿ.

ಈಗ ನಾನೊಂದು ಪ್ರಶ್ನೆ ಕೇಳುತ್ತೇನೆ. ನೀವು ತೆಗೆದ ಅಜ್ಜಿಯಂದಿರಲ್ಲಿ ಎಷ್ಟು ಮಂದಿಗೆ ಅವರ ಫೋಟೋ ಸಿಕ್ಕಿದೆ? ಮೊಮ್ಮಗನ ಮೊಬೈಲಿಗೆ ಕಳಿಸಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಗದದ ಮೇಲೆ, ಅವರ ಕೈಗೆ ಸಿಕ್ಕಿರಬೇಕು. ನಾನು ಫೋಟೋ ತೆಗೆಯುವ ಕೆಲಸ ಶುರು ಮಾಡಿದ ವರ್ಷ ಜಾಹೀರಾತಿಗೆ ಒಂದು ರೂಪಾಯಿ ಹಾಕಲಿಲ್ಲ. ತೆಗೆದ ಪ್ರತಿಯೊಬ್ಬರಿಗೂ ಒಂದು ಪ್ರಿಂಟ್ ಮನೆಗೆ ಒಯ್ದು ಕೊಟ್ಟೆ. ಮರುವರ್ಷ ಅದೇ ಮನೆಗಳಿಂದ ತೊಟ್ಟಿಲು ಹಾಕುವುದಕ್ಕೆ, ಮನೆ ಒಕ್ಕಲಿಗೆ ಕರೆ ಬಂತು. ಊರಿನಲ್ಲಿ ನಂಬಿಕೆ ಹುಟ್ಟುವುದು ಹೀಗೆ. ಹಳ್ಳಿಯ ಫೋಟೋ ತೆಗೆದು ಪೇಟೆಯಲ್ಲಿ ತೋರಿಸಿ ಸುಮ್ನೆ ಕೂತವರು ಎರಡನೇ ಸಲ ಆ ಅಂಗಳಕ್ಕೆ ಹೋಗುವುದು ಕಷ್ಟ.

ನೇಮಕ್ಕೆ ಹೋಗುವಾಗ ಹಿಂದಿನ ದಿನವೇ ಮನೆಯ ಹಿರಿಯರ ಹತ್ರ, ದೈವ ಕಟ್ಟುವವರ ಹತ್ರ ಕೇಳಿ. ಫ್ಲ್ಯಾಶ್ ಬೇಡವೇ ಬೇಡ. ಕಡಿಮೆ ಬೆಳಕಿನಲ್ಲೂ ತೆಗೆಯಬಲ್ಲ, ಎಫ್ 1.8 ಇರುವ 50 ಎಂಎಂ ಲೆನ್ಸ್ ಸಾಕು, ಅದು ದುಬಾರಿಯೂ ಅಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಈಗ ಎಲ್‌ಇಡಿ ದೀಪಗಳೇ ಜಾಸ್ತಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗಿ ಫೋಟೋದಲ್ಲಿ ಅಡ್ಡ ಪಟ್ಟಿ ಬೀಳುತ್ತದೆ. ಶಟರ್ ವೇಗ 1/100 ಸೆಕೆಂಡಿನಲ್ಲಿ ಇಟ್ಟರೆ ಪಟ್ಟಿ ಹೋಗುತ್ತದೆ. ಭಾಗವತರಿಗೆ, ಒಡ್ಡೋಲಗಕ್ಕೆ, ಅರ್ಥ ಹೇಳುವಾಗ ಅದು ಸರಿ. ಗಿರಗಿರ ಸುತ್ತುವ ಧೀಂಗಿಣಕ್ಕೆ ಸಾಲದು, ಕನಿಷ್ಠ 1/250 ಬೇಕು. ಪಟ್ಟಿ ಬಿದ್ದರೂ ಚಲನೆ ಸಿಗಲಿ. ನನ್ನ ಮಟ್ಟಿಗೆ ಒಳ್ಳೆಯ ಚಿತ್ರಗಳೆಲ್ಲ ಸಿಕ್ಕಿದ್ದು ಚೌಕಿಯಲ್ಲಿ, ಬಣ್ಣ ಹಾಕಿಕೊಳ್ಳುವ ಹೊತ್ತಿನಲ್ಲಿ.

ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲಿಟ್ಟು ಮರೆತರೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಇಷ್ಟು ಸಾಕು. ಇನ್ನೊಂದು ಎಚ್ಚರಿಕೆ. ಒಂದು ಸಂಜೆಯ ಸಿಡಿಲಿಗೆ ನನ್ನ ಹಾರ್ಡ್ ಡಿಸ್ಕ್ ಹೋಯಿತು. ಅದರಲ್ಲಿ ಒಬ್ಬ ಹಿರಿಯ ಮದ್ದಳೆಗಾರರ ಕೊನೆಯ ಫೋಟೋಗಳಿದ್ದವು. ಅವರ ಮಗ ಬಂದು ಕೇಳಿದಾಗ ಕೊಡಲು ಏನೂ ಇರಲಿಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ. ಮೂರು ಪ್ರತಿ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಆ ಖಾಲಿ ತಿಂಗಳುಗಳಲ್ಲಿ ಮನೆಮನೆಯ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿಕೊಡಿ. ಗೆದ್ದಲು ತಿಂದ ಚೌಕಟ್ಟುಗಳು ಇಲ್ಲದ ಮನೆ ಕಡಿಮೆ. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಮೂಲ ಫೋಟೋವನ್ನು ಅದೇ ದಿನ ವಾಪಸ್ ಕೊಡಿ. ಹೀಗೆ ಮಾಡಿದರೆ ಆಟಿಯಲ್ಲೂ ನಾಲ್ಕು ಕಾಸು ಕಾಣಬಹುದು.

ಕಾಗದಪತ್ರ ಜಾಸ್ತಿ ಇಲ್ಲ. ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಮುದ್ರಾ ಯೋಜನೆಯ ‘ಶಿಶು’ ವರ್ಗದ ಸಾಲ 50,000 ರೂಪಾಯಿವರೆಗೆ ಸಿಗುತ್ತದೆ. ಕಾನೂನಿನ ಒಂದು ಮಾತು ಮಾತ್ರ ಅನೇಕರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಮುಂದೆ ಪ್ರದರ್ಶನಕ್ಕೋ ಕ್ಯಾಲೆಂಡರಿಗೋ ಬಳಸುವ ಯೋಚನೆ ಇದ್ದರೆ ಮೊದಲೇ ಒಂದು ಸಾಲು ಬರೆಸಿ ಸಹಿ ತೆಗೆದುಕೊಳ್ಳಿ. ನೀವಾಗಿಯೇ ತೆಗೆದ ಫೋಟೋದ ಹಕ್ಕು ನಿಮ್ಮದೇ. ಆದರೂ ಅಜ್ಜಿಯನ್ನು ಕೇಳದೆ ಎಲ್ಲೂ ಹಾಕಬೇಡಿ.

ಈ ಭಾನುವಾರ ಒಂದು ಕೆಲಸ ಮಾಡಿ. ಅಡಿಕೆ ಸುಲಿಯುವ ಹತ್ತು ಅಜ್ಜಿಯಂದಿರ ಫೋಟೋ ಪ್ರಿಂಟ್ ಹಾಕಿಸಿ. ಹಿಂದುಗಡೆ ಹೆಸರು, ಊರು, ತಾರೀಕು ಕನ್ನಡದಲ್ಲಿ ಬರೆಯಿರಿ. ಊರಿನ ಹೆಸರು ಅವರು ಹೇಳುವ ಹಾಗೆಯೇ ಇರಲಿ. ಬಾಲ್ ಪೆನ್ ಒತ್ತಿ ಬರೆಯಬೇಡಿ, ಮುಂಭಾಗದಲ್ಲಿ ಗೀರು ಏಳುತ್ತದೆ. ಮತ್ತೆ ಒಂದೊಂದೇ ಮನೆಗೆ ನಡೆದು ಹೋಗಿ ಕೊಟ್ಟು ಬನ್ನಿ.