‘ಬರ ಗೆದ್ದ ಕಾಳು’ ಲೇಖನ ಕಳಿಸಿದವರಿಗೆ

ಪ್ರಿಯ ಲೇಖಕರೇ,

ನಾಟಿ ಬೇಳೆಕಾಳುಗಳು ಬರವನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದರ ಬಗ್ಗೆ ನೀವು ಬರೆದ ‘ಬರ ಗೆದ್ದ ಕಾಳು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಿಷಯ ನನಗೆ ಬಹಳ ಬೇಕಾದದ್ದು. ಎರಡು ಸಾಲಿನ ವಿಷಾದ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

‘ನಾಟಿ ತಳಿಗಳಿಗೆ ಸಹಜವಾದ ಬರನಿರೋಧಕ ಶಕ್ತಿಯಿದೆ’ ಎಂಬ ಮಾತು ಬೇರೆ ಬೇರೆ ವೇಷದಲ್ಲಿ ಪುಟಪುಟಕ್ಕೂ ಬರುತ್ತದೆ. ಆ ಶಕ್ತಿ ಇರುವುದಾದರೂ ಎಲ್ಲಿ? ಬೇರಿನಲ್ಲೋ, ಎಲೆಯಲ್ಲೋ, ಹೂ ಬಿಡುವ ಕಾಲದಲ್ಲೋ? ಹುರುಳಿ, ತೊಗರಿ, ಅವರೆ, ಅಲಸಂದೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ. ಒಂದೊಂದರ ಉಪಾಯವೂ ಬೇರೆ. ಓದುಗರಿಗೆ ಬೇಕಾದದ್ದು ಆ ಉಪಾಯ.

ಅವರೆಯನ್ನೇ ನೋಡಿ. ರಾಗಿ ಹೊಲದಲ್ಲಿ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನ ನಾಟಿ ಅವರೆ ಹಗಲು ಕುಗ್ಗದೆ ಹೂ ಬಿಡುವುದಿಲ್ಲ. ಮುಂಗಾರು ತಡವಾಗಿ ಬಿತ್ತನೆ ಹಿಂದೆ ಬಿದ್ದರೂ ಹೂ ಬರುವುದು ಚಳಿ ಹಿಡಿಯುವ ಹೊತ್ತಿಗೇ. ನಡುವೆ ಮಳೆ ಕೈಕೊಟ್ಟಾಗ ಗಿಡ ಇನ್ನೂ ಬಳ್ಳಿ ಎಲೆಯಲ್ಲೇ ಇರುತ್ತದೆ. ಬಾಡಿದರೂ ಮುಂದಿನ ಹದಕ್ಕೆ ಚಿಗುರುತ್ತದೆ. ರಾಗಿ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ತೇವದಲ್ಲೇ ಕಾಯಿ ಕಟ್ಟುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಈ ಕಟ್ಟನ್ನು ಮುರಿದು ಯಾವ ಕಾಲದಲ್ಲೂ ಹೂ ಬಿಡುತ್ತವೆ. ನೀವು ಅವನ್ನು ‘ಕೃತಕ’ ಎಂದು ಹೀಗಳೆದಿದ್ದೀರಿ. ಆ ಸಾಲನ್ನು ದಯವಿಟ್ಟು ತೆಗೆಯಿರಿ: ಹೆಬ್ಬಾಳ ಅವರೆ-4ರ ವಂಶದಲ್ಲಿ ಮಾಗಡಿಯ ನಾಟಿ ಅವರೆಯೇ ಇದೆ.

ತೊಗರಿಯ ದಾರಿ ಇನ್ನೊಂದು. ಮೊದಲ ಒಂದೆರಡು ತಿಂಗಳು ಗಿಡ ಏಳುವುದೇ ಇಲ್ಲವೇನೋ ಎನ್ನಿಸುತ್ತದೆ, ಆದರೆ ಬೇರು ಆಳಕ್ಕೆ ಇಳಿಯುತ್ತಿರುತ್ತದೆ. ಹೂ ಉದುರಿದರೂ ಒಂದು ಮಳೆ ಬಿದ್ದರೆ ಮತ್ತೆ ಹೂ ಕಟ್ಟುವ ಗುಣ ದೀರ್ಘಾವಧಿಯ ತೊಗರಿಗಿದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯನ್ನು ಪ್ರಸ್ತಾಪಿಸಿದ್ದೀರಿ, ಸರಿ. ಅಲ್ಲಿ ನೀರು ಹಿಡಿದಿಡುವ ಎರೆಮಣ್ಣಿಗೂ ಪಾಲು ಕೊಡಬೇಕಲ್ಲವೇ? ‘ನಾಟಿ ತೊಗರಿಗೆ ನೆಟೆ ರೋಗ (ಗಿಡ ಬಾಡಿ ಸಾಯುವ ರೋಗ) ಬಾರದು’ ಎಂಬುದಂತೂ ತಪ್ಪು. ನೆಟೆ ರೋಗ ತಡೆಯುತ್ತದೆ ಎಂಬ ಕಾರಣಕ್ಕೇ 1980ರ ದಶಕದಲ್ಲಿ ‘ಮಾರುತಿ’ ತಳಿ ಬಂತು, ರೈತರು ಕೈಹಿಡಿದರು. ನಂಬಿ ಬಿತ್ತುವ ರೈತನಿಗೆ ಇಂಥ ವಾಕ್ಯದಿಂದ ನಷ್ಟವಾಗುತ್ತದೆ.

ಇನ್ನೊಂದು ತಿದ್ದುಪಡಿ. ಬರದಲ್ಲೂ ಬೇರುಗಂಟುಗಳು ಮಣ್ಣಿಗೆ ಸಾರಜನಕ ತುಂಬುತ್ತವೆ ಎಂದು ಬರೆದಿದ್ದೀರಿ. ಮಣ್ಣು ಒಣಗಿದಾಗ ಮೊದಲು ಸೊರಗುವ ಕೆಲಸಗಳಲ್ಲಿ ಅದೂ ಒಂದು. ಇಳುವರಿಯ ವಿಷಯದಲ್ಲಿ ನೀವು ಮೌನ. ಹದವಾಗಿ ಮಳೆಯಾದ ವರ್ಷ ಸುಧಾರಿತ ತಳಿ ಹೆಚ್ಚು ಕೊಡಬಹುದು. ನಾಟಿ ತಳಿಯ ಬೆಲೆ ಗೊತ್ತಾಗುವುದು ಮಳೆ ಕೆಟ್ಟ ವರ್ಷ, ಪೂರ್ತಿ ಬರಿಗೈಯಾಗದಂತೆ ಅದು ಕಾಯುವಾಗ. ಇದನ್ನು ಮರೆಮಾಚದೆ ಹೇಳಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ನಿಮ್ಮ ಲೇಖನದ ನಿಜವಾದ ಜೀವ ಐದನೇ ಪುಟದಲ್ಲಿ ಮೂರು ಸಾಲಿಗೆ ಅಡಗಿ ಕೂತಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಲ್ಲಿ ನಿಮ್ಮ ಚಿಕ್ಕಪ್ಪ ಒಣಗಿದ ರಾಗಿಯನ್ನು ಉತ್ತು, ಹಸ್ತ ಮಳೆಯ ನಾಲ್ಕು ಹನಿಗೆ ಹುರುಳಿ ಚೆಲ್ಲಿದರು. ಮಧ್ಯಾಹ್ನ ಎಲೆಗಳು ಅಂಗೈ ಮಡಚಿದಂತೆ ನಿಂತು, ಬಿಸಿಲಿಗೆ ಅಂಚು ಮಾತ್ರ ಒಡ್ಡುತ್ತಿದ್ದವು ಎಂದು ಬರೆದಿದ್ದೀರಿ. ಇದು ಕಣ್ಣಾರೆ ಕಂಡವರ ಮಾತು. ಬಿಸಿಲು ತಾಗುವ ಮೈ ಕಡಿಮೆಯಾದರೆ ಎಲೆ ಬಿಸಿಯಾಗುವುದು ಕಡಿಮೆ, ನೀರು ಆರುವುದೂ ಕಡಿಮೆ. ನಿಮ್ಮ ‘ಶಕ್ತಿ’ ಅಲ್ಲಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ. ಪೀಠಿಕೆಯ ಎರಡು ಪುಟ, ಹಸಿರು ಕ್ರಾಂತಿಯ ಮೇಲಿನ ಕೋಪ, ಎರಡೂ ಬೇಡ.

ನಿಮ್ಮ ಚಿಕ್ಕಪ್ಪನನ್ನು ಮತ್ತೊಮ್ಮೆ ಮಾತನಾಡಿಸಿ. ಬೀಜ ಮನೆಯದೋ, ಸಂತೆಯದೋ? ಎಕರೆಗೆ ಎಷ್ಟು ಸೇರು ಚೆಲ್ಲಿದರು, ಎಷ್ಟು ಒಕ್ಕಿದರು? ಹೊಟ್ಟು ದನಗಳಿಗೆ ಎಷ್ಟು ದಿನ ಬಂತು? ಮರುವರ್ಷದ ಬಿತ್ತನೆಗೆ ಉಳಿಯಿತೇ? ಸಾವಿರ ಪದ ಮೀರದಿರಲಿ. ಹಿಂಗಾರು ಬಿತ್ತನೆಗೆ ಮುಂಚೆ ಕೈಸೇರಿದರೆ ಆ ಸಂಚಿಕೆಯಲ್ಲಿ ಜಾಗ ಇಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ