ಲ್ಯಾನ್ ಪ್ರಿಂಟರ್‌ಗೆ, ವೈಫೈ ಇಂಟರ್ನೆಟ್‌ಗೆ

ಉಬುಂಟು ಅನ್ನೋ ಲಿನಕ್ಸ್ ಓಎಸ್ ಇರೋ ಕಂಪ್ಯೂಟರಿನಲ್ಲಿ ಪ್ರಿಂಟರ್‌ಗೋಸ್ಕರ ಆಫೀಸಿನ ಲ್ಯಾನ್ ಕೇಬಲ್ ಹಾಕಿದ ಕೂಡಲೇ ಇಂಟರ್ನೆಟ್ಟೂ ಆ ನಿಧಾನದ ಲೈನಿಗೇ ಹೋಗುತ್ತೆ, ವೈಫೈಯಲ್ಲಿ ಸೇರಿಸಿದ ಹಾಟ್‌ಸ್ಪಾಟ್ ಸುಮ್ಮನೆ ಕೂತಿರುತ್ತೆ ಅಂತಾದರೆ, ಅದು ಡ್ರೈವರ್ ತಪ್ಪಲ್ಲ. ಓಎಸ್ ಮತ್ತೆ ಹಾಕೋಕೆ ಹೋಗಬೇಡಿ ಮಾರಾಯ್ರೆ!

ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಅಂತ ಮೆಟ್ರಿಕ್ (ಆದ್ಯತೆಯ ಅಂಕಿ) ಕೊಡುತ್ತೆ. ಕಡಿಮೆ ಇದ್ದದ್ದಕ್ಕೇ ಮೊದಲ ಮಣೆ.

ಸೆಟ್ಟಿಂಗ್ಸ್‌ನ ನೆಟ್‌ವರ್ಕ್‌ನಲ್ಲಿ ವೈರ್ಡ್ ಪಕ್ಕದ ಚಕ್ರ ಒತ್ತಿ. ಐಪಿವಿ4 ಟ್ಯಾಬ್‌ನ ತೀರಾ ಕೆಳಗೆ ‘ಯೂಸ್ ದಿಸ್ ಕನೆಕ್ಷನ್ ಓನ್ಲಿ ಫಾರ್ ರಿಸೋರ್ಸಸ್ ಆನ್ ಇಟ್ಸ್ ನೆಟ್‌ವರ್ಕ್’ (ಈ ಕನೆಕ್ಷನ್ ಅದರದೇ ನೆಟ್‌ವರ್ಕ್‌ನಲ್ಲಿ ಇರೋದಕ್ಕೆ ಮಾತ್ರ) ಅಂತಿದೆ, ಟಿಕ್ ಮಾಡಿ. ಐಪಿವಿ6ನಲ್ಲೂ ಹಾಗೇ. ಅಪ್ಲೈ ಕೊಟ್ಟರಷ್ಟೇ ಸಾಲದು, ವೈರ್ಡ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇದನ್ನು ಮರೆತು ನಾನೇ ಅರ್ಧ ದಿನ ಒದ್ದಾಡಿದ್ದೇನೆ.

ಆಮೇಲೆ ಟರ್ಮಿನಲ್‌ನಲ್ಲಿ ‘ಐಪಿ ರೂಟ್’ (ip route) ಕೊಟ್ಟರೆ ಇಂಟರ್ನೆಟ್ ಯಾವ ದಾರಿ ಅಂತ ಹೇಳುವ ‘ಡೀಫಾಲ್ಟ್’ (default) ಸಾಲು ಒಂದೇ ಕಾಣಬೇಕು, ಅದೂ ವೈಫೈಯದು.